ಆ್ಯಪ್‌ನಿಂದ ನಡೆಯುವ ಖಾಸಗಿ ಸಾಧನ: ನಂಬುವ ಮುನ್ನ ಪರೀಕ್ಷಿಸಿ

ನಮ್ಮ ರೇಡಿಯೋದಲ್ಲಿ ರಾತ್ರಿ ಹತ್ತರ ನಂತರ ಬಂದ ನನ್ನ ಮಾತುಕತೆಯನ್ನು ಇ-ಪತ್ರಿಕೆಗಾಗಿ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಹದಿನೆಂಟು ದಾಟಿದವರಿಗಾಗಿ ಬರೆದದ್ದು. ಚಿಕ್ಕವರು ಯಾರಾದರೂ ಓದುತ್ತಿದ್ದರೆ ಮುಂದಿನ ಪುಟಕ್ಕೆ ಹೋಗಿ, ಅಲ್ಲಿ ಒಳ್ಳೆಯ ಕಥೆಯೊಂದಿದೆ.

ವಿಷಯ ಇದು: ಫೋನಿನ ಆ್ಯಪ್‌ನಿಂದ ನಡೆಯುವ ವಯಸ್ಕರ ಆಟಿಕೆ. ಅದು ಚೆನ್ನಾಗಿ ಕೆಲಸ ಮಾಡುತ್ತದೆಯೇ, ಅದನ್ನು ನಂಬಬಹುದೇ ಎಂದು ತಿಳಿಯುವುದು ಹೇಗೆ?

"ಆಂಟಿ, ನೀವು ಕನ್ನಡ ಎಂ.ಎ. ಮಾಡಿದವರು, ಭಾನುವಾರ ಮಕ್ಕಳಿಗೆ ಅಆಇಈ ಹೇಳಿಕೊಡುವವರು, ನಿಮಗೆ ಈ ವಿಷಯ ಯಾಕೆ ಬಂತು?" ಎಂದು ನೀವು ಕೇಳಬಹುದು. ಬಂದದ್ದು ಹೀಗೆ. ನಮ್ಮ ಯುಗಾದಿ ಕಾರ್ಯಕ್ರಮದ ದಿನ ಅಡುಗೆಮನೆಯಲ್ಲಿ ಹೋಳಿಗೆ ಡಬ್ಬಿ ಜೋಡಿಸುತ್ತಿದ್ದೆ. ಹಿಂದೆ ನನ್ನ ಹತ್ತಿರ ಅಕ್ಷರ ಕಲಿತ ಹುಡುಗಿಯೊಬ್ಬಳು ಪಕ್ಕಕ್ಕೆ ಬಂದು ನಿಂತಳು. ಈಗ ಅವಳು ಕೆಲಸದಲ್ಲಿದ್ದಾಳೆ, ಒಬ್ಬಳೇ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. "ಆಂಟಿ, ಒಂದು ಕೇಳ್ತೀನಿ, ನಗಬಾರದು. ಅಮ್ಮನಿಗೂ ಹೇಳಬಾರದು" ಅಂದಳು. ಅವಳು ಇಂಥದ್ದೊಂದು ಸಾಧನ ಕೊಂಡಿದ್ದಳು. ಹತ್ತು ದಿನ ಸರಿಯಾಗಿತ್ತು. ಆಮೇಲೆ ಆ್ಯಪ್ ಹೊಸ ಅಪ್‌ಡೇಟ್ ಕೇಳಿತು. ಅಪ್‌ಡೇಟ್ ಆದ ಮೇಲೆ ಖಾತೆ ತೆರೆಯಿರಿ ಎಂದಿತು, ಫೋನ್ ನಂಬರ್ ಕೇಳಿತು, ಮೈಕ್ರೊಫೋನಿಗೆ ಅನುಮತಿ ಕೇಳಿತು. ನಡುನಡುವೆ ಸಂಪರ್ಕ ಕಡಿದುಹೋಗತೊಡಗಿತು. ವಾಪಸ್ ಕೊಡೋಣವೆಂದರೆ ಪೊಟ್ಟಣ ಒಡೆದ ಮೇಲೆ ಇಂಥ ವಸ್ತುವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರಂತೆ. ದುಡ್ಡು ಹೋದದ್ದಕ್ಕಿಂತ ಅವಳಿಗೆ ಇನ್ನೊಂದು ಭಯ. "ಆಂಟಿ, ನಾನು ಯಾವಾಗ, ಎಷ್ಟು ಹೊತ್ತು ಬಳಸಿದೆ ಅನ್ನೋದು ಎಲ್ಲಾದರೂ ದಾಖಲಾಗಿದೆಯಾ?"

ನನಗೆ ಉತ್ತರ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಕೈಯಲ್ಲಿದ್ದ ಡಬ್ಬಿ ಬೀಳಿಸಿಬಿಡುತ್ತಿದ್ದೆ. ಆದರೆ ಅವಳು ಎಷ್ಟು ಧೈರ್ಯ ತಂದುಕೊಂಡು ಕೇಳಿದ್ದಾಳೆ ಎಂದು ಕಂಡಾಗ, ಓದಿ ಹೇಳುತ್ತೇನೆ ಅಂದೆ. ಓದಿದೆ. ನಮ್ಮ ಮನೆಯವರು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದಾರೆ, ಅವರನ್ನೂ ಎರಡು ವಾರ ಪ್ರಶ್ನೆ ಕೇಳಿ ಪೀಡಿಸಿದೆ. ಆ ಹುಡುಗಿಯ ಒಪ್ಪಿಗೆ ಪಡೆದು, ಅವಳ ಗುರುತು ಸಿಗದ ಹಾಗೆ, ಇಲ್ಲಿ ಹೇಳುತ್ತಿದ್ದೇನೆ.

ಕನ್ನಡದಲ್ಲಿ ಮಾತಾಡಬಹುದಾದ ವಿಷಯವೇ?

ಇಂಥ ಮಾತು ಇಂಗ್ಲಿಷಿನಲ್ಲಿ ಮಾತ್ರ ಆಡಬೇಕು, ಕನ್ನಡಕ್ಕೆ ತಂದರೆ ಕನ್ನಡ ಮೈಲಿಗೆಯಾಗುತ್ತದೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಮನೆಯಲ್ಲಿ ನಾವು ದೊಡ್ಡವರು ಈ ಮಾತು ಆಡದೇ ಇದ್ದದ್ದರಿಂದ ಹಾಗೆ ಅನಿಸುತ್ತದೆ, ತಪ್ಪು ನಮ್ಮದು. ಭಾಷೆಗೆ ಆ ನಾಚಿಕೆ ಇಲ್ಲ. 11ನೆಯ ಶತಮಾನದಲ್ಲಿಯೇ ಚಂದ್ರರಾಜ ಎಂಬ ಕವಿ ಕನ್ನಡದಲ್ಲಿ 'ಮದನತಿಲಕ' ಎಂಬ ಕಾಮಶಾಸ್ತ್ರದ ಗ್ರಂಥ ಬರೆದ. 15ನೆಯ ಶತಮಾನದಲ್ಲಿ ಕಲ್ಲರಸ 'ಜನವಶ್ಯ' ಬರೆದ. ಎಂ.ಎ. ತರಗತಿಯಲ್ಲಿ ನಾವು ಈ ಹೆಸರುಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದೆವು, ಒಳಗೇನಿದೆ ಎಂದು ಯಾರೂ ಕೇಳಲಿಲ್ಲ. ಹಾಗಾಗಿ ಸಾವಿರ ವರ್ಷದ ಹಿಂದೆ ಶಾಸ್ತ್ರವಾಗಿ ಬರೆದದ್ದನ್ನು ಇಂದು ಒಂದು ಯಂತ್ರದ ಗುಣದೋಷವಾಗಿ ಮಾತಾಡಿದರೆ ಕನ್ನಡಕ್ಕೇನೂ ಆಗುವುದಿಲ್ಲ.

ಇಂಥ ಸಾಧನ ಬಳಸಬೇಕೋ ಬೇಡವೋ ಎಂಬುದು ನಿಮ್ಮ ನಿಮ್ಮ ವಿವೇಕಕ್ಕೆ ಬಿಟ್ಟದ್ದು. ಅದನ್ನು ನಾನು ಹೇಳಲು ಹೋಗುವುದಿಲ್ಲ. ಕೊಂಡರೆ ಹೇಗೆ ನೋಡಿ ಕೊಳ್ಳಬೇಕು ಎಂಬುದಷ್ಟೇ ನನ್ನ ಮಾತು.

ಸಾಧನದೊಳಗೆ ಏನಿದೆ?

ಇದರಲ್ಲಿ ಇರುವುದು ನಾಲ್ಕೇ ಭಾಗ. ಒಂದು ಪುಟ್ಟ ಮೋಟಾರು, ಒಂದು ಲಿಥಿಯಂ ಬ್ಯಾಟರಿ, ಒಂದು ಬ್ಲೂಟೂತ್ ಚಿಪ್, ಹೊರಗೊಂದು ಹೊದಿಕೆ. ಫೋನಿನಲ್ಲಿ ಆ್ಯಪ್. ನೀವು ಪರದೆಯ ಮೇಲೆ ಬೆರಳಾಡಿಸಿದರೆ ಫೋನು ಬ್ಲೂಟೂತ್ ಮೂಲಕ ಚಿಪ್ಪಿಗೆ ಒಂದು ಚಿಕ್ಕ ಸಂದೇಶ ಕಳಿಸುತ್ತದೆ, ಚಿಪ್ಪು ಮೋಟಾರಿನ ವೇಗ ಬದಲಿಸುತ್ತದೆ. ಇಷ್ಟಕ್ಕೆ ಇಂಟರ್‌ನೆಟ್ಟೇ ಬೇಡ.

ಇಂಟರ್‌ನೆಟ್ ಬೇಕಾಗುವುದು ದೂರದಲ್ಲಿರುವ ಸಂಗಾತಿ ಅದನ್ನು ನಡೆಸುವಾಗ. ಆಗ ಸಂದೇಶ ಅವರ ಫೋನಿನಿಂದ ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿಂದ ನಿಮ್ಮ ಫೋನಿಗೆ ಬಂದು, ನಿಮ್ಮ ಫೋನಿನಿಂದ ಸಾಧನಕ್ಕೆ ತಲುಪುತ್ತದೆ. ದಾರಿ ಉದ್ದವಾದಷ್ಟೂ ತಡವಾಗುತ್ತದೆ, ಕೆಡುವ ಜಾಗಗಳೂ ಹೆಚ್ಚಾಗುತ್ತವೆ. "ಸಾಧನ ಕೆಟ್ಟಿದೆ" ಎಂದು ಜನ ದೂರುವಾಗ ಎಷ್ಟೋ ಸಲ ಕೆಟ್ಟಿರುವುದು ಈ ದಾರಿಯ ಯಾವುದೋ ಒಂದು ತುಂಡು.

ಬ್ಲೂಟೂತ್ ಪದೇ ಪದೇ ಕಡಿದುಹೋಗುವುದಕ್ಕೆ ಭೌತಶಾಸ್ತ್ರದ ಕಾರಣವೂ ಇದೆ. ಅದು 2.4 ಗಿಗಾಹರ್ಟ್ಸ್ ಆವರ್ತನದಲ್ಲಿ ಕೆಲಸ ಮಾಡುತ್ತದೆ. ಮನೆಯ ವೈಫೈ, ಮೈಕ್ರೊವೇವ್ ಒಲೆ ಕೂಡ ಅದೇ ಆಸುಪಾಸಿನಲ್ಲಿವೆ. ಆ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ. ನಮ್ಮ ದೇಹದ ಬಹುಪಾಲು ನೀರೇ. ಆದ್ದರಿಂದ ಡಬ್ಬಿಯ ಮೇಲೆ "ಹತ್ತು ಮೀಟರ್" ಎಂದು ಬರೆದಿದ್ದರೆ ಅದು ನಡುವೆ ಏನೂ ಇಲ್ಲದ ಬಯಲಿನ ಲೆಕ್ಕ. ಚಿಪ್ಪಿಗೂ ಫೋನಿಗೂ ನಡುವೆ ಮೈ ಬಂದಾಗ ಅದು ಒಂದೆರಡು ಮೀಟರಿಗೆ ಇಳಿದರೆ ಆಶ್ಚರ್ಯವಿಲ್ಲ. ಇದು ಮೋಸವಲ್ಲ, ಆದರೆ ಡಬ್ಬಿಯ ಮೇಲಿನ ಅಂಕಿಯನ್ನು ನಂಬಿ ಕೊಳ್ಳಬಾರದು ಎಂಬುದಕ್ಕೆ ಕಾರಣ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು

ವಾಪಸ್ ಕೊಡಲು ಆಗದ ವಸ್ತುವನ್ನು ಬಳಸುವ ಮೊದಲೇ ಪರೀಕ್ಷಿಸಬೇಕು. ಎಲ್ಲವನ್ನೂ ಮೇಜಿನ ಮೇಲಿಟ್ಟುಕೊಂಡೇ ಮಾಡಬಹುದು. ಪ್ರತಿ ಪರೀಕ್ಷೆಯನ್ನೂ ಮೂರು ಸಲವಾದರೂ ಮಾಡಿ, ಬರೆದಿಟ್ಟುಕೊಳ್ಳಿ. ಒಂದು ಸಲ ಸರಿಯಾಗಿ ನಡೆದದ್ದು ಲೆಕ್ಕಕ್ಕಿಲ್ಲ.

ಮೊದಲನೆಯದು ಬ್ಯಾಟರಿ. ಪೂರ್ತಿ ಚಾರ್ಜ್ ಮಾಡಿ, ಮಧ್ಯಮ ವೇಗದಲ್ಲಿ ಬಿಟ್ಟು ಎಷ್ಟು ನಿಮಿಷ ನಡೆಯುತ್ತದೆ ನೋಡಿ. ಕಂಪನಿ ಹೇಳುವ ಹೊತ್ತು ಸಾಮಾನ್ಯವಾಗಿ ಅತಿ ಕಡಿಮೆ ವೇಗದ ಲೆಕ್ಕ. ಒಂದು ತಿಂಗಳ ಮೇಲೆ ಮತ್ತೆ ಇದನ್ನೇ ಮಾಡಿ. ಲಿಥಿಯಂ ಬ್ಯಾಟರಿಗಳು ನೂರಾರು ಸಲ ಚಾರ್ಜ್ ಆದ ಮೇಲೆ ನಿಧಾನವಾಗಿ ಕುಗ್ಗುವುದು ಸಹಜ. ಒಂದೇ ತಿಂಗಳಲ್ಲಿ ಅರ್ಧಕ್ಕಿಳಿದರೆ ಬ್ಯಾಟರಿಯೇ ಕಳಪೆ. ಚಾರ್ಜ್ ಆಗುವಾಗ ಬೆಚ್ಚಗಾದರೆ ಚಿಂತೆಯಿಲ್ಲ, ಮುಟ್ಟಲಾಗದಷ್ಟು ಬಿಸಿಯಾದರೆ ಬಳಸಲೇಬೇಡಿ.

ಎರಡನೆಯದು ದೂರ. ಸಾಧನವನ್ನು ಎರಡೂ ಅಂಗೈಗಳ ನಡುವೆ ಗಟ್ಟಿಯಾಗಿ ಮುಚ್ಚಿ ಹಿಡಿದುಕೊಳ್ಳಿ. ಫೋನನ್ನು ಕೋಣೆಯ ಆಚೆ ತುದಿಯಲ್ಲಿಡಿ. ಆಮೇಲೆ ಫೋನಿಗೆ ಬೆನ್ನು ಹಾಕಿ ನಿಲ್ಲಿ. ಎಷ್ಟು ಹೆಜ್ಜೆಯಲ್ಲಿ ಸಂಪರ್ಕ ಕಡಿಯಿತು, ಕಡಿದದ್ದು ತಾನಾಗಿ ಮತ್ತೆ ಸೇರಿತೇ ಅಥವಾ ಆ್ಯಪ್ ಮುಚ್ಚಿ ತೆರೆಯಬೇಕಾಯಿತೇ ಎಂದು ನೋಡಿ. ನನ್ನ ಪ್ರಕಾರ ಕಡಿಯುವುದಕ್ಕಿಂತ ಮತ್ತೆ ಸೇರದೇ ಇರುವುದು ದೊಡ್ಡ ದೋಷ.

ಮೂರನೆಯದು ಬಹಳ ಮುಖ್ಯ: ಕಡಿದಾಗ ಏನಾಗುತ್ತದೆ? ಸಾಧನ ನಡೆಯುತ್ತಿರುವಾಗಲೇ ಫೋನಿನ ಬ್ಲೂಟೂತ್ ಆರಿಸಿ. ಸಾಧನ ನಿಲ್ಲುತ್ತದೆಯೇ, ಅದೇ ವೇಗದಲ್ಲಿ ನಡೆಯುತ್ತಲೇ ಇರುತ್ತದೆಯೇ? ನಡೆಯುತ್ತಲೇ ಇದ್ದರೆ ಅದರ ಮೇಲೆ ಒಂದು ಗುಂಡಿ ಇರಲೇಬೇಕು, ಆ ಗುಂಡಿ ಒತ್ತಿದ ಕೂಡಲೇ ನಿಲ್ಲಬೇಕು. ಆ್ಯಪ್ ಇಲ್ಲದೆ ನಿಲ್ಲಿಸಲು ಬಾರದ ಸಾಧನವನ್ನು ಮನೆಗೆ ತರಬೇಡಿ.

ಇದು ಬರೀ ಊಹೆಯ ಮಾತಲ್ಲ. ಚೀನಾದ ಕಿಯುಯಿ ಎಂಬ ಕಂಪನಿ ಗಂಡಸರಿಗಾಗಿ ಸೆಲ್‌ಮೇಟ್ ಎಂಬ ಸಾಧನ ಮಾರುತ್ತಿತ್ತು. ಮೈಮೇಲೆ ತೊಟ್ಟು, ಫೋನಿನಿಂದ ಬೀಗ ಹಾಕಿ ತೆಗೆಯುವಂಥದ್ದು. ಕೈಯಿಂದ ಬೀಗ ತೆಗೆಯುವ ದಾರಿಯೇ ಅದರಲ್ಲಿ ಇರಲಿಲ್ಲ. 2020ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಪೆನ್ ಟೆಸ್ಟ್ ಪಾರ್ಟ್‌ನರ್ಸ್ ಎಂಬ ಭದ್ರತಾ ಸಂಸ್ಥೆ, ಯಾರು ಬೇಕಾದರೂ ಎಲ್ಲೋ ಕೂತು ಎಲ್ಲ ಗ್ರಾಹಕರ ಬೀಗವನ್ನೂ ಒಟ್ಟಿಗೆ ಹಾಕಿಬಿಡಬಹುದು ಎಂದು ಬಯಲು ಮಾಡಿತು. ಬಳಸುವವರು ಇರುವ ಜಾಗವೂ ಸೋರುತ್ತಿತ್ತು. ಆಮೇಲೆ ಕೆಲವರಿಗೆ ನಿಜವಾಗಿಯೂ ಬೀಗ ಹಾಕಿ ಬಿಟ್‌ಕಾಯಿನ್ ಕೇಳಿದ ಪ್ರಸಂಗಗಳೂ ವರದಿಯಾದವು. ಓದಿದಾಗ ನಗು ಬರಬಹುದು. ಸಿಕ್ಕಿಬಿದ್ದವರ ಜಾಗದಲ್ಲಿ ನಿಂತು ನೋಡಿದರೆ ನಗು ನಿಲ್ಲುತ್ತದೆ.

ನಾಲ್ಕನೆಯದು ಏರೋಪ್ಲೇನ್ ಮೋಡ್. ಫೋನನ್ನು ಆ ಮೋಡಿಗೆ ಹಾಕಿ, ಬ್ಲೂಟೂತ್ ಮಾತ್ರ ಮತ್ತೆ ಹಚ್ಚಿ. ಈಗ ಆ್ಯಪ್ ತೆರೆದು ಸಾಧನ ನಡೆಸಲು ಆಗುತ್ತದೆಯೇ? ಆದರೆ ಅದು ಒಳ್ಳೆಯ ಲಕ್ಷಣ. ಆಗದಿದ್ದರೆ, ಪಕ್ಕದಲ್ಲೇ ಇರುವ ವಸ್ತುವನ್ನು ನಡೆಸಲು ಕಂಪನಿಯ ಸರ್ವರ್ ಬೇಕು ಎಂದಾಯಿತು. ನಾಳೆ ಆ ಕಂಪನಿ ಮುಚ್ಚಿದರೆ ನಿಮ್ಮ ಕೈಯಲ್ಲಿರುವುದು ಒಂದು ಸಿಲಿಕೋನ್ ತುಂಡು. ನಮ್ಮ ಮನೆಯಲ್ಲಿ ಒಂದು ಫೋನ್‌ದೀಪಕ್ಕೆ ಹೀಗೇ ಆಯಿತು. ಸರ್ವರ್ ನಿಂತಿತು, ದೀಪ ಹತ್ತಲಿಲ್ಲ, ಈಗ ಅದರ ಮೇಲೆ ಗಣಪತಿ ಕೂತಿದ್ದಾನೆ.

ಐದನೆಯದು ನೀರು. ಡಬ್ಬಿಯ ಮೇಲೆ 'ಐಪಿಎಕ್ಸ್7' ಎಂದಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಕೆಡದು ಎಂದರ್ಥ. ಬರೀ 'ವಾಟರ್‌ಪ್ರೂಫ್' ಎಂಬ ಮಾತಿಗೆ ಅಂಥ ಖಚಿತ ಅಳತೆ ಇಲ್ಲ. ತೊಳೆಯಲು ಬಾರದ ಸಾಧನ ಆರೋಗ್ಯಕ್ಕೆ ಒಳ್ಳೆಯದಲ್ಲ, ಹಾಗಾಗಿ ಇದು ಬರೀ ಬಾಳಿಕೆಯ ಪ್ರಶ್ನೆ ಅಲ್ಲ.

ಹೊದಿಕೆಯ ಬಗ್ಗೆಯೂ ಒಂದು ಮಾತು. ಒಳ್ಳೆಯ ಸಿಲಿಕೋನಿಗೆ ಸೂಕ್ಷ್ಮ ರಂಧ್ರಗಳಿರುವುದಿಲ್ಲ, ತೊಳೆದರೆ ಶುಚಿಯಾಗುತ್ತದೆ. ಅಗ್ಗದ ಮೆತ್ತನೆ ಪ್ಲಾಸ್ಟಿಕ್ಕಿಗೆ ರಂಧ್ರಗಳಿರುತ್ತವೆ, ಅದನ್ನು ಮೆತ್ತಗಾಗಿಸಲು ಥ್ಯಾಲೇಟ್ ಎಂಬ ರಾಸಾಯನಿಕ ಸೇರಿಸಿರಬಹುದು. ಅಮೆರಿಕದಲ್ಲಿ 2008ರ ಕಾನೂನು ಕೆಲವು ಥ್ಯಾಲೇಟುಗಳನ್ನು ಮಕ್ಕಳ ಆಟಿಕೆಗಳಲ್ಲಿ 0.1 ಶೇಕಡಾಕ್ಕೆ ಮಿತಿಗೊಳಿಸಿದೆ. ಆ ಮಿತಿ ವಯಸ್ಕರ ಆಟಿಕೆಗೆ ಇಲ್ಲ. 2021ರಲ್ಲಿ ಮಾತ್ರ ಐಎಸ್‌ಒ 3533 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. ಇಂಥ ಸಾಧನಗಳ ವಿನ್ಯಾಸ, ವಸ್ತು, ಸುರಕ್ಷತೆ ಹೇಗಿರಬೇಕೆಂದು ಅದು ಹೇಳುತ್ತದೆ. ಅದನ್ನು ಪಾಲಿಸುವುದಾಗಿ ಕಂಪನಿ ಬರೆದಿದ್ದರೆ ಒಂದು ಅಂಕ ಹೆಚ್ಚು ಕೊಡಿ.

ದಾಖಲೆ ಎಲ್ಲಿಗೆ ಹೋಗುತ್ತದೆ?

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ದಾಖಲಾಗಿರಬಹುದೇ? ಆಗಿರಬಹುದು. ಹಿಂದೆ ಆಗಿದೆ.

2016ರ ಆಗಸ್ಟಿನಲ್ಲಿ ಲಾಸ್ ವೇಗಸ್‌ನ ಡೆಫ್‌ಕಾನ್ ಎಂಬ ಹ್ಯಾಕರುಗಳ ಸಮ್ಮೇಳನದಲ್ಲಿ ನ್ಯೂಜಿಲೆಂಡಿನ ಇಬ್ಬರು ಸಂಶೋಧಕರು ವೀ-ವೈಬ್ ಎಂಬ ಸಾಧನವನ್ನು ಬಿಚ್ಚಿ ತೋರಿಸಿದರು. ಅದನ್ನು ಮಾಡುತ್ತಿದ್ದುದು ಕೆನಡಾದ ಒಟ್ಟಾವಾದಲ್ಲಿದ್ದ ಸ್ಟ್ಯಾಂಡರ್ಡ್ ಇನ್ನೋವೇಶನ್ ಕಂಪನಿ. ಸಾಧನದ ಉಷ್ಣತೆಯನ್ನು ಆ್ಯಪ್ ನಿಮಿಷಕ್ಕೊಮ್ಮೆ ಕಂಪನಿಗೆ ಕಳಿಸುತ್ತಿತ್ತು, ವೇಗ ಬದಲಿಸಿದಾಗಲೆಲ್ಲ ಅದನ್ನೂ ಕಳಿಸುತ್ತಿತ್ತು. ಯಾರು ಯಾವಾಗ ಹೇಗೆ ಬಳಸಿದರು ಎಂದು ತಿಳಿಯಲು ಇದಕ್ಕಿಂತ ಹೆಚ್ಚೇನು ಬೇಕು? ಮುಂದಿನ ತಿಂಗಳೇ ಇಲಿನಾಯ್‌ನ ಫೆಡರಲ್ ಕೋರ್ಟಿನಲ್ಲಿ ಒಬ್ಬ ಮಹಿಳೆ ಬರೀ ಎರಡು ಅಕ್ಷರದ ಹೆಸರಿನಲ್ಲಿ ಮೊಕದ್ದಮೆ ಹೂಡಿದರು. 2017ರ ಮಾರ್ಚಿನಲ್ಲಿ ಕಂಪನಿ 37.5 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ತಪ್ಪು ಒಪ್ಪಿಕೊಳ್ಳಲಿಲ್ಲ. ಆದರೆ ಇನ್ನು ಮುಂದೆ ಬಳಕೆಯ ಮಾಹಿತಿಯನ್ನು ಹೀಗೆ ಸಂಗ್ರಹಿಸುವುದಿಲ್ಲವೆಂದೂ, ಕೂಡಿಟ್ಟದ್ದನ್ನು ಅಳಿಸುವುದಾಗಿಯೂ ಹೇಳಿತು.

ಅದೇ ವರ್ಷ ನವೆಂಬರಿನಲ್ಲಿ ಲವೆನ್ಸ್ ಎಂಬ ಇನ್ನೊಂದು ಕಂಪನಿಯ ಆ್ಯಪ್ ಆಂಡ್ರಾಯ್ಡ್ ಫೋನಿನಲ್ಲಿ ಕೋಣೆಯ ಸದ್ದನ್ನು ಮುದ್ರಿಸಿ ಇಟ್ಟುಕೊಂಡದ್ದನ್ನು ಒಬ್ಬ ಬಳಕೆದಾರ ಕಂಡುಹಿಡಿದ. ಅದು ಸಣ್ಣ ದೋಷ, ಆ ಕಡತ ಫೋನಿನಲ್ಲೇ ಇತ್ತು, ನಮ್ಮ ಸರ್ವರಿಗೆ ಬಂದಿಲ್ಲ ಎಂದು ಕಂಪನಿ ಹೇಳಿ ಸರಿಪಡಿಸಿತು. 2017ರಲ್ಲೇ ಸ್ವಾಕಾಮ್ ಕಂಪನಿಯ, ಕ್ಯಾಮೆರಾ ಇದ್ದ ಒಂದು ಸಾಧನದ ವೈಫೈ ಪಾಸ್‌ವರ್ಡ್ ಎಂಟು ಸಲ 8 ಎಂದು ಪೆನ್ ಟೆಸ್ಟ್ ಪಾರ್ಟ್‌ನರ್ಸ್ ತೋರಿಸಿತು. ಪಕ್ಕದ ಮನೆಯವರು ಅಂಕಿ ಒತ್ತಿದರೆ ಸಾಕಿತ್ತು. ಅದೇ ಸಂಸ್ಥೆಯವರು ಬರ್ಲಿನ್ ನಗರದ ಬೀದಿಯಲ್ಲಿ ಫೋನ್ ಹಿಡಿದು ನಡೆದಾಗ, ಯಾರೋ ಅಪರಿಚಿತರ ಬಳಿ ಇದ್ದ ಇಂಥ ಸಾಧನ ಬ್ಲೂಟೂತ್ ಪಟ್ಟಿಯಲ್ಲಿ ಕಾಣಿಸಿಕೊಂಡಿತು.

ಇವೆಲ್ಲ ಹಳೆಯ ಕಥೆ, ಈಗ ಸರಿಹೋಗಿದೆ ಎನ್ನಬೇಡಿ. 2025ರ ಜುಲೈಯಲ್ಲಿ ಲವೆನ್ಸ್ ವ್ಯವಸ್ಥೆಯಲ್ಲಿ ಬಳಕೆದಾರರ ಹೆಸರಿನಿಂದ ಇಮೇಲ್ ವಿಳಾಸ ತೆಗೆಯಬಹುದಾದ ದೋಷ ಇದೆ ಎಂದು ಒಬ್ಬ ಸಂಶೋಧಕರು ಬಹಿರಂಗಪಡಿಸಿದರು. ಕಂಪನಿಗೆ ಅದನ್ನು ತಿಂಗಳುಗಳ ಮೊದಲೇ ತಿಳಿಸಲಾಗಿತ್ತು.

ಈ ಪ್ರಸಂಗಗಳಲ್ಲಿ ಒಂದು ವಿಷಯ ಗಮನಿಸಿ. ಯಾವುದರಲ್ಲೂ ಮೋಟಾರು ಕೆಟ್ಟಿರಲಿಲ್ಲ. ಐದು ನಕ್ಷತ್ರ ಕೊಟ್ಟ ಗ್ರಾಹಕರೂ ಇದ್ದಿರಬಹುದು. "ಚೆನ್ನಾಗಿ ಕೆಲಸ ಮಾಡುತ್ತದೆ" ಎಂಬುದೂ "ನಂಬಬಹುದು" ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ಎರಡಕ್ಕೂ ಬೇರೆ ಬೇರೆ ಅಂಕ ಕೊಡಬೇಕು.

ಆ್ಯಪ್ ಓದುವುದು ಹೇಗೆ?

ಸಾಧನ ಕೊಳ್ಳುವ ಮೊದಲೇ ಅದರ ಆ್ಯಪ್ ಇಳಿಸಿಕೊಂಡು ನೋಡಬಹುದು, ಅದಕ್ಕೆ ದುಡ್ಡು ಬೇಡ. ನಾನು ಹುಡುಗಿಗೆ ಬರೆದುಕೊಟ್ಟ ಪಟ್ಟಿ ಇದು.

ಖಾತೆ ತೆರೆಯದೆ ಒಳಗೆ ಹೋಗಬಹುದೇ? ಅತಿಥಿಯಾಗಿ ಬಳಸಲು ಬಿಡುವ ಆ್ಯಪ್ ಒಳ್ಳೆಯದು. ಖಾತೆ ಬೇಕೇ ಬೇಕು ಎಂದರೆ ಇದಕ್ಕಾಗಿಯೇ ಬೇರೆ ಇಮೇಲ್ ಮಾಡಿಕೊಳ್ಳಿ. ಕೆಲಸದ ಇಮೇಲ್, ಮನೆಮಂದಿಯೆಲ್ಲ ಸೇರಿ ಬಳಸುವ ಖಾತೆ ಬೇಡ. ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ.

ಯಾವ ಅನುಮತಿ ಕೇಳುತ್ತದೆ? ಬ್ಲೂಟೂತ್ ಬೇಕೇ ಬೇಕು. ಮೈಕ್ರೊಫೋನು, ಕ್ಯಾಮೆರಾ, ಸಂಪರ್ಕಗಳ ಪಟ್ಟಿ ಬೇಡ. 'ಸ್ಥಳ' ಕೇಳಿದರೆ ತಕ್ಷಣ ಗಾಬರಿಯಾಗಬೇಡಿ. ಹಳೆಯ ಆಂಡ್ರಾಯ್ಡಿನಲ್ಲಿ ಬ್ಲೂಟೂತ್ ಸಾಧನ ಹುಡುಕಲು ಸ್ಥಳದ ಅನುಮತಿ ಕೊಡಲೇಬೇಕಿತ್ತು. 2021ರ ಆಂಡ್ರಾಯ್ಡ್ 12ರಿಂದ ಅದಕ್ಕೆ ಬೇರೆಯೇ ಅನುಮತಿ ಬಂದಿದೆ. ಹೊಸ ಫೋನಿನಲ್ಲೂ ಸ್ಥಳ ಕೇಳಿದರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. 'ಬೇಡ' ಒತ್ತಿ ನೋಡಿ. ಬೇಡ ಎಂದರೂ ಕೆಲಸ ಮಾಡಿದರೆ ಆ ಅನುಮತಿ ಬೇಕಾಗಿಯೇ ಇರಲಿಲ್ಲ.

ಕೊನೆಯ ಅಪ್‌ಡೇಟ್ ಯಾವಾಗ ಬಂದದ್ದು? ಎರಡು ವರ್ಷ ಮುಟ್ಟದೇ ಬಿಟ್ಟ ಆ್ಯಪ್ ಫೋನಿನ ಮುಂದಿನ ಆವೃತ್ತಿಯಲ್ಲಿ ನಿಂತೇ ಹೋಗಬಹುದು.

ದೋಷ ಕಂಡರೆ ಯಾರಿಗೆ ತಿಳಿಸಬೇಕು, ಎಷ್ಟು ವರ್ಷ ಭದ್ರತೆಯ ಅಪ್‌ಡೇಟ್ ಕೊಡುತ್ತೇವೆ ಎಂದು ಕಂಪನಿ ಬರೆದಿದೆಯೇ? ಬ್ರಿಟನ್ನಿನಲ್ಲಿರುವ ನಮ್ಮ ಕೇಳುಗರಿಗೆ ಇದರಲ್ಲಿ ಕಾನೂನಿನ ಬೆಂಬಲವಿದೆ. 2024ರ ಏಪ್ರಿಲ್ 29ರಿಂದ ಅಲ್ಲಿ ಇಂಟರ್‌ನೆಟ್ಟಿಗೆ ಸೇರುವ ಸಾಧನಗಳು ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡಿನೊಂದಿಗೆ ಮಾರುಕಟ್ಟೆಗೆ ಬರುವಂತಿಲ್ಲ, ಅಪ್‌ಡೇಟ್ ಎಷ್ಟು ಕಾಲ ಎಂದು ಹೇಳಲೇಬೇಕು. ಯುರೋಪಿನ ಇಂಥದ್ದೇ ಕಾನೂನಿನ ಮುಖ್ಯ ನಿಯಮಗಳು 2027ರ ಡಿಸೆಂಬರಿನಿಂದ ಜಾರಿಗೆ ಬರುತ್ತವೆ. ಜರ್ಮನಿಯ ಮಿತ್ರರು ಅದನ್ನು ನೆನಪಿಟ್ಟುಕೊಳ್ಳಿ.

ಖಾತೆ ಅಳಿಸುವ ಗುಂಡಿ ಇದೆಯೇ? ಇದನ್ನು ಮೊದಲೇ ನೋಡಿ. ಆ್ಯಪ್ ತೆಗೆದುಹಾಕಿದರೆ ನಿಮ್ಮ ಫೋನಿನಿಂದ ಮಾತ್ರ ಹೋಗುತ್ತದೆ, ಅವರ ಸರ್ವರಿನಲ್ಲಿ ಉಳಿಯಬಹುದು.

ಇನ್ನೊಬ್ಬರ ಕೈಗೆ ಕೊಡುವ ಮುನ್ನ

ದೂರದ ಸಂಗಾತಿಗೆ ನಿಯಂತ್ರಣ ಕೊಡುವ ಸೌಲಭ್ಯವೇ ಇಂಥ ಆ್ಯಪ್‌ಗಳ ದೊಡ್ಡ ಆಕರ್ಷಣೆ. ಒಬ್ಬರು ಟೊರೊಂಟೊದಲ್ಲಿ, ಒಬ್ಬರು ಸಿಂಗಪುರದಲ್ಲಿ ಇರುವ ದಂಪತಿಗಳು ನಮ್ಮಲ್ಲೇ ಇದ್ದಾರೆ, ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಇಲ್ಲಿ ಕೇಳಬೇಕಾದ್ದು: ಆ ಅನುಮತಿ ಎಷ್ಟು ಹೊತ್ತಿನದು? ಒಂದು ಸಲ ಕಳಿಸಿದ ಲಿಂಕ್ ತಾನಾಗಿ ಮುಗಿಯುತ್ತದೆಯೇ, ಅಥವಾ ಆರು ತಿಂಗಳ ಮೇಲೂ ಕೆಲಸ ಮಾಡುತ್ತದೆಯೇ? ಅವರು ಅದನ್ನು ಇನ್ನೊಬ್ಬರಿಗೆ ಕಳಿಸಿದರೆ? ಸಂಬಂಧ ಮುರಿದ ಮೇಲೆ ಜೋಡಣೆ ತೆಗೆಯಲು ಇಬ್ಬರೂ ಒಪ್ಪಬೇಕೇ, ಒಬ್ಬರೇ ತೆಗೆಯಬಹುದೇ?

ಒಪ್ಪಿಗೆ ಎನ್ನುವುದು ಒಮ್ಮೆ ಕೊಟ್ಟರೆ ಮುಗಿಯುವಂಥದ್ದಲ್ಲ. ಕೊಟ್ಟವರು ಯಾವ ಕ್ಷಣದಲ್ಲಾದರೂ ಹಿಂದಕ್ಕೆ ಪಡೆಯಬಹುದು. ಅದನ್ನು ಆ್ಯಪ್ ಕೂಡ ಪಾಲಿಸಬೇಕು. ಸಾಧನ ಧರಿಸಿದವರ ಕೈಯಲ್ಲಿ ನಿಲ್ಲಿಸುವ ಗುಂಡಿ ಇದ್ದು, ಅದನ್ನು ಒತ್ತಿದರೆ ಎದುರಿನವರು ಮತ್ತೆ ಶುರು ಮಾಡಲು ಆಗಬಾರದು. ಗೆಳತಿಯೊಬ್ಬರ ಎದುರು ಮೇಜಿನ ಮೇಲೆ ಪರೀಕ್ಷಿಸಬೇಕೆಂದರೆ ಮುಜುಗರ ನಿಜ. ಫೋನ್ ಎರಡಿದ್ದರೆ ನೀವೊಬ್ಬರೇ ಪರೀಕ್ಷಿಸಬಹುದು.

ಪ್ರಯಾಣದಲ್ಲಿ

ರಜೆಗೆ ಊರಿಗೆ ಹೋಗುವವರಿಗೆ ಒಂದು ಎಚ್ಚರಿಕೆ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಇಂಥ ವಸ್ತು ನಿಷಿದ್ಧ. ದುಬೈಯಲ್ಲಿ ಇಳಿದು ಒಂದೆರಡು ದಿನ ಉಳಿಯುವವರು ಸೂಟ್‌ಕೇಸಿನಲ್ಲಿ ಏನಿದೆ ಎಂದು ಮೊದಲೇ ನೋಡಿಕೊಳ್ಳಿ. ಭಾರತದಲ್ಲಿ ಅಶ್ಲೀಲತೆಯ ಕಾನೂನಿನ ನೆರಳು ಈ ವಸ್ತುಗಳ ಮೇಲೆ ಇನ್ನೂ ಇದೆ. 2024ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟ್, ಬಾಡಿ ಮಸಾಜರುಗಳನ್ನು ವಯಸ್ಕರ ಆಟಿಕೆಯೆಂದು ಭಾವಿಸಿ ಕಸ್ಟಮ್ಸ್ ಮುಟ್ಟುಗೋಲು ಹಾಕಿದ್ದು ಸರಿಯಲ್ಲ ಎಂದಿತು. ಆ ತೀರ್ಪು ಮಸಾಜರುಗಳ ಕುರಿತದ್ದು, ಎಲ್ಲಕ್ಕೂ ಪರವಾನಗಿ ಎಂದು ತಿಳಿಯಬೇಡಿ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅಪ್ಪ ಅಮ್ಮ ಹೊರಗೆ ಕಾಯುತ್ತಿರುವಾಗ ಈ ವಾದ ಮಾಡುವುದಕ್ಕಿಂತ ಮನೆಯಲ್ಲಿ ಬಿಟ್ಟು ಹೋಗುವುದು ಮೇಲು.

ಕೊನೆಗೆ

ಆ ಹುಡುಗಿ ಏನು ಮಾಡಿದಳು? ಪಟ್ಟಿ ಹಿಡಿದುಕೊಂಡು ಒಂದು ಶನಿವಾರ ಎಲ್ಲ ಪರೀಕ್ಷೆ ಮಾಡಿದಳು. ಬ್ಯಾಟರಿಗೆ ಒಳ್ಳೆಯ ಅಂಕ ಕೊಟ್ಟಳು. ಏರೋಪ್ಲೇನ್ ಮೋಡಿನಲ್ಲಿ ಆ್ಯಪ್ ತೆರೆಯಲೇ ಇಲ್ಲ. ಮೈಕ್ರೊಫೋನಿಗೆ ಬೇಡ ಎಂದರೆ ಮತ್ತೆ ಮತ್ತೆ ಕೇಳಿತು. ಸಾಧನದ ಮೇಲೆ ಗುಂಡಿ ಇದೆ, ಅದು ಸರಿಯಾಗಿ ಕೆಲಸ ಮಾಡುತ್ತದೆ. ಅವಳು ಕಂಪನಿಗೆ ಬರೆದು, ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ ತಿಳಿಸಿ, ಆಮೇಲೆ ಅಳಿಸಿ ಎಂದು ಕೇಳಿದಳು. ಮೂರು ವಾರದ ಮೇಲೆ ಅಳಿಸಿದ್ದೇವೆ ಎಂದು ಎರಡು ಸಾಲಿನ ಉತ್ತರ ಬಂತು. ಏನೇನು ಇತ್ತು ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ಅವಳು ಮತ್ತೆ ಬರೆದಿದ್ದಾಳೆ.

"ಆಂಟಿ, ಈಗ ಆ್ಯಪ್ ತೆಗೆದುಹಾಕಿದೆ, ನಿದ್ದೆ ಬರ್ತಿದೆ" ಎಂದು ಫೋನಿನಲ್ಲಿ ಹೇಳಿದಳು. ಆಮೇಲೆ, "ಅಮ್ಮನಿಗೂ ಹೇಳಿದೆ" ಅಂದಳು. ಅಮ್ಮ ಏನಂದರು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರಂತೆ. ಆಮೇಲೆ, "ನನ್ನ ಫೋನಿನಲ್ಲೂ ಯಾವ್ಯಾವ ಆ್ಯಪ್ ಏನೇನು ಕೇಳ್ತಿದೆ, ನೋಡಿಕೊಡು" ಅಂದರಂತೆ.

ನಿಮಗೂ ಇಂಥ ಪ್ರಶ್ನೆಗಳಿದ್ದರೆ ಹೆಸರು ಹಾಕದೆ ರೇಡಿಯೋಗೆ ಬರೆಯಿರಿ. ಕನ್ನಡದಲ್ಲಿ ಬರೆಯಲು ಕಷ್ಟವಾದರೆ ಗೊತ್ತಿದ್ದಷ್ಟು ಕನ್ನಡದಲ್ಲೇ ಬರೆಯಿರಿ, ಕಾಗುಣಿತ ತಪ್ಪಿದರೆ ನಾನು ಅಂಕ ಕಳೆಯುವುದಿಲ್ಲ.